ಬ್ರೇಕಿನ ಗಂಟೆ

ಫೆಬ್ರವರಿ 10, ಸೋಮವಾರ

ಕೋಪ ಬಂದಾಗ ಬಾಯಿ ಬಿಡಬೇಡಿ, ಪುಸ್ತಕ ಬಿಡಿಸಿ ಬರೆಯಿರಿ, ರಕ್ತದೊತ್ತಡ ತಾನಾಗಿ ಇಳಿಯುತ್ತದೆ ಎಂದರು ಡಾಕ್ಟರು. ಹೇಳುವುದಕ್ಕೇನು ಬಂತು! ಈ ಡಾಕ್ಟರಿಗೆ ಕಾರು ಕಲಿಸಿದವಳು ನಾನೇ. ರಿವರ್ಸ್ ತೆಗೆಯುವುದನ್ನು ಕಲಿಯಲು ಆರು ವಾರ ತೆಗೆದುಕೊಂಡ ಮಹಾನುಭಾವ. ನನಗೆ ರಕ್ತದೊತ್ತಡ ಶುರುವಾದದ್ದು ಆಗಲೇ ಇರಬೇಕು. ಆದರೂ ಇನ್ನೂರು ಪುಟದ ನೋಟ್‌ಬುಕ್ ಕೊಂಡು ತಂದಿದ್ದೇನೆ. ಸಾಕಾಗುತ್ತದೋ ಇಲ್ಲವೋ ನೋಡಬೇಕು.

ಇವತ್ತಿನ ಕೋಪ ಮಗಳ ಗಂಡನ ಮೇಲೆ. ಅವನದು ಕಾರಿನ ಸೀಟ್ ಕವರು, ಸ್ಟಿಕ್ಕರು, ಸ್ಪೀಕರಿನ ಅಂಗಡಿ. ನಾಲ್ಕು ವರ್ಷದ ಹಿಂದೆ ನನ್ನ ಹಳೆಯ ಕಾರಿಗೆ ಸ್ಪೀಕರ್ ಹಾಕಿಸಿಕೊಂಡು ಬಾ ಎಂದು ಮಗಳನ್ನು ಕಳಿಸಿದ್ದೆ. ಸ್ಪೀಕರಿನ ಜೊತೆ ಇವನನ್ನೂ ತಂದಳು. ಡ್ರೈವಿಂಗ್ ಸ್ಕೂಲಿನ ಟೀಚರ ಮಗಳ ಕೈ ಹಿಡಿಯುವವನು ಡ್ರೈವಿಂಗ್ ಕಲಿತದ್ದು ಬೇರೆ ಸ್ಕೂಲಿನಲ್ಲಿ. ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾನೆ. ಇದಕ್ಕಿಂತ ಹೆಚ್ಚು ಹೇಳಬೇಕೆ?

ಇವತ್ತು ಕೇಳದೆ ಹೇಳದೆ ನನ್ನ ಕಾರಿನ ರೇಡಿಯೊ ತೆಗೆದು ಹತ್ತಿಂಚಿನ ಸ್ಕ್ರೀನ್ ಕೂರಿಸಿದ್ದಾನೆ. ಒರೆಸಿಕೊಂಡು ಬರುತ್ತೇನೆ ಕೊಡಿ ಅತ್ತೆ ಎಂದು ಕಾರು ತೆಗೆದುಕೊಂಡು ಹೋದವನು! ಹೋಗಿ ನೋಡಿದರೆ ಡ್ಯಾಶ್‌ಬೋರ್ಡಿನ ನಡುವೆ ಟಿವಿ.

"ಹಿಂದ್ಗಡೆ ಕ್ಯಾಮೆರಾ ಇದೆ ಅತ್ತೆ. ರಿವರ್ಸ್ ಹೇಳಿಕೊಡೋವಾಗ ನೀವು ಪದೇ ಪದೇ ಕತ್ತು ತಿರುಗಿಸಬೇಕಾಗಲ್ಲ."

"ನನ್ನ ಕತ್ತು ನಿನ್ನ ಹತ್ರ ಬಂದು ದೂರು ಹೇಳ್ತಾ?"

ನಕ್ಕ. ಒಂದು ರಟ್ಟಿನ ಡಬ್ಬ ಕೊಟ್ಟ. ಅದರಲ್ಲಿ ಹಳೆಯ ರೇಡಿಯೊ, ಒಂದು ಕಾಗದಕ್ಕೆ ಅಂಟಿಸಿದ ಅದರ ನಾಲ್ಕು ಸ್ಕ್ರೂ, ಕೆಳಗೆ ತಾರೀಖು. "ಬೇಡ ಅನ್ನಿಸಿದ ದಿನ ಅರ್ಧ ಗಂಟೇಲಿ ಹಳೇದನ್ನೇ ಕೂರಿಸಿಕೊಡ್ತೀನಿ. ಒಂದು ವೈರೂ ಕತ್ತರಿಸಿಲ್ಲ ಅತ್ತೆ. ಬರೀ ಕಪ್ಲರ್. ಇದರ ಬಾಯಿಗೆ ಅದರ ಬಾಲ, ಅಷ್ಟೇ."

ಯಾರು ಕೇಳಿದರು ಇವನನ್ನು?

ಮಗಳ ಮನೆಯ ತನಕ ಅವನೇ ಓಡಿಸಿದ. ಹತ್ತು ನಿಮಿಷದ ದಾರಿಗೆ ಹನ್ನೊಂದು ಸಲ ಗಂಟೆ ಬಾರಿಸಿದೆ. ಕಲಿಸುವ ಕಾರುಗಳಲ್ಲಿ ಟೀಚರ ಕಡೆಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ನನ್ನದಕ್ಕೆ ಗಂಟೆಯೂ ಇದೆ. ನಾನು ಬ್ರೇಕ್ ಒತ್ತಿದರೆ ಓಡಿಸುವವರ ಸೀಟಿನ ಕೆಳಗೆ ಟ್ರಿಣ್ ಎನ್ನುತ್ತದೆ. ಬೇರೆ ಯಾವ ಸ್ಕೂಲಿನಲ್ಲೂ ಇದಿಲ್ಲ. ಕಾರು ನಿಂತದ್ದು ಯಾರ ಕಾಲಿನಿಂದ ಎಂದು ಅವರಿಗೆ ಗೊತ್ತಾಗಬೇಕಲ್ಲ. ಇಲ್ಲದಿದ್ದರೆ ತಾವೇ ನಿಲ್ಲಿಸಿದೆವು ಎಂದು ಬೀಗುತ್ತಾರೆ.

ಇಳಿಯುವಾಗ "ಅತ್ತೆ, ಆ ಗಂಟೆ ಇದೆಯಲ್ಲ..." ಎಂದು ರಾಗ ಎಳೆದ. "ಗಂಟೆ ಕೇಳಿ ಬೇಜಾರಾದ್ರೆ ನೆಟ್ಟಗೆ ಓಡಿಸು" ಎಂದೆ. ಕೀ ನನ್ನ ಕೈಗಿಟ್ಟ. ಮಗಳು ಬಾಗಿಲಲ್ಲೇ ನಿಂತಿದ್ದಳು. "ಬೀದಿ ತಿರುವಿನಿಂದಲೇ ಗಂಟೆ ಕೇಳಿಸ್ತಮ್ಮ. ಪಾಪ, ಅಳಿಯ ಅನ್ನೋ ಕನಿಕರವೂ ಇಲ್ವಾ ನಿಂಗೆ?" ಎಂದಳು.

ಫೆಬ್ರವರಿ 12, ಬುಧವಾರ

ಬೇಕರಿಯಮ್ಮನಿಗೆ ಸ್ಕ್ರೀನ್ ಬಹಳ ಹಿಡಿಸಿದೆ. ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದವಳು, ಒಲೆಯ ಮುಂದೆ ಹುಲಿ, ಸ್ಟೀರಿಂಗ್ ಮುಂದೆ ಇಲಿ. ಇವತ್ತು ಕ್ಯಾಮೆರಾ ನೋಡಿಕೊಂಡು ಒಂದೇ ಏಟಿಗೆ ರಿವರ್ಸ್ ತೆಗೆದಳು. ಯಾರು ಹಾಕಿಕೊಟ್ಟರು ಟೀಚರ್ ಎಂದು ಕೇಳಿದಳು. ಅಂಗಡಿಯವನು ಎಂದೆ.

ಕನ್ನಡಕದ ಕಾಲು ಮತ್ತೆ ಅಲುಗಾಡುತ್ತಿದೆ. ಕಾರು ರಿಪೇರಿಯ ನಮ್ಮ ಹಳೆಯ ಮೇಸ್ತ್ರಿ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಇದಕ್ಕೆ ನೀಲಿ ದಾರ ಸುತ್ತಿ ಗಂಟು ಹಾಕಿಕೊಟ್ಟದ್ದೂ ಅವನೇ. ಹೊಸ ಕನ್ನಡಕ ತಗೋ ಎನ್ನುತ್ತಾಳೆ ಮಗಳು. ಇಪ್ಪತ್ತು ವರ್ಷ ನನ್ನ ಕಾರುಗಳನ್ನು ನೋಡಿಕೊಂಡವನು, ಹೋದ ವರ್ಷ ತೀರಿಕೊಂಡ. ಅವನ ಗಂಟನ್ನು ಬಿಚ್ಚಲು ನನಗೆ ಮನಸ್ಸಿಲ್ಲ. ಕೈ ಎಂದರೆ ಅವನದು. ಈಗಿನವರೆಲ್ಲ ಬರೀ ಅಂಟು ಟೇಪಿನವರು.

ಕತ್ತು ನೋವು ಸ್ವಲ್ಪ ಕಡಿಮೆ. ಹವೆ ಬದಲಾದದ್ದಕ್ಕೆ ಇರಬೇಕು.

ಮಾರ್ಚ್ 4, ಮಂಗಳವಾರ

ಮೂರು ವಾರ ಬರೆದಿರಲಿಲ್ಲ. ಕೋಪ ಬಂದಿರಲಿಲ್ಲ ಎಂದಲ್ಲ, ಪುಸ್ತಕ ಸಿಕ್ಕಿರಲಿಲ್ಲ.

ಇವತ್ತು ದೊಡ್ಡ ಸಿಗ್ನಲಿನ ನಟ್ಟನಡುವೆ ಕಾರು ನಿಂತುಹೋಯಿತು. ಹಸಿರು ದೀಪ ಬಿತ್ತು, ಬೇಕರಿಯಮ್ಮ ಕ್ಲಚ್ ಬಿಟ್ಟಳು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು, ಸ್ಕ್ರೀನ್ ಕಪ್ಪಾಯಿತು, ಎಂಜಿನ್ ಸತ್ತಿತು. ಹಿಂದಿನಿಂದ ಬಸ್ಸಿನ ಹಾರ್ನ್. ನಾನೇನು ಮಾಡಿದೆ ನಾನೇನು ಮಾಡಿದೆ ಎಂದು ಆಕೆ ಅಳತೊಡಗಿದಳು. ನೀವೇನೂ ಮಾಡಿಲ್ಲ ಕಣಮ್ಮಾ ಎಂದು ಇಳಿದು ತಳ್ಳಿದೆ. ಅರವತ್ತರ ಹತ್ತಿರ ಬಂದ ಹೆಂಗಸು ಸಿಗ್ನಲಿನಲ್ಲಿ ಕಾರು ತಳ್ಳುವುದನ್ನು ಇಡೀ ಊರು ನೋಡಿತು.

ಎರಡು ವರ್ಷದ ಕಾರು. ಒಂದು ದಿನ ಕೆಮ್ಮಿದ್ದಿಲ್ಲ. ಸ್ಕ್ರೀನ್ ಹಾಕಿ ಮೂರು ವಾರಕ್ಕೆ ಹೀಗೆ. ಲೆಕ್ಕ ಹಾಕಲು ಯಾರೂ ಬೇಕಾಗಿಲ್ಲ. ಇನ್ನೂ ಒಂದು ವರ್ಷ ವಾರಂಟಿ ಇದೆ ಎನ್ನುವುದೊಂದೇ ಸಮಾಧಾನ. ಇರುವುದೇ ಒಂದು ಕಾರು. ಅದು ನಿಂತರೆ ಸ್ಕೂಲು ನಿಂತ ಹಾಗೆ.

ಮಾರ್ಚ್ 6, ಗುರುವಾರ

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಎರಡು ಗಂಟೆ ಕಾದೆ. ಗಾಜಿನ ಮೇಜಿನ ಹಿಂದೆ ಟೈ ಕಟ್ಟಿದ ಮನುಷ್ಯ. ದನಿ ಮಾತ್ರ ಬೆಣ್ಣೆ.

"ಮೇಡಂ, ಹೊರಗಡೆ ಸ್ಕ್ರೀನ್ ಹಾಕ್ಸಿದ್ದೀರಾ?"

"ಹಾಕ್ಸಿದ್ದೀನಿ. ಅದಕ್ಕೂ ಎಂಜಿನ್ ಆಫ್ ಆಗೋದಕ್ಕೂ ಏನ್ರೀ ಸಂಬಂಧ? ಹಾಡು ಕೇಳಿದ್ರೆ ಎಂಜಿನ್ನಿಗೆ ನಿದ್ದೆ ಬರುತ್ತಾ?"

ಟೈ ನಗಲಿಲ್ಲ. ಫೋನಿನಲ್ಲಿ ಒಂದು ಫೋಟೊ ತೋರಿಸಿ ನನಗೂ ಕಳಿಸಿದ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕೆಂಪು ವೈರು. ಅದನ್ನು ಕತ್ತರಿಸಿ, ಇನ್ನೊಂದನ್ನು ಸೇರಿಸಿ ಹೊಸೆದು, ಕಪ್ಪು ಟೇಪ್ ಸುತ್ತಿ, ಮೇಲೆ ದಾರದ ಗಂಟು ಹಾಕಿದ್ದಾರೆ. ಆ ಜಾಯಿಂಟ್ ಸಡಿಲವಾಗಿ ಕರೆಂಟು ಬಿಟ್ಟು ಬಿಟ್ಟು ಬರುತ್ತಿತ್ತಂತೆ. ಹೊರಗಿನ ಅಂಗಡಿಯವರು ಕತ್ತರಿಸಿದ್ದಕ್ಕೆ ವಾರಂಟಿ ಬರುವುದಿಲ್ಲವಂತೆ.

ಜಗಳಕ್ಕೆ ನಾನೇನು ಕಡಿಮೆಯವಳಲ್ಲ. ವಾರಂಟಿ ಪುಸ್ತಕ ತೆಗೆಸಿ ಓದಿಸಿದೆ. ಮ್ಯಾನೇಜರನ್ನು ಕರೆಸಿದೆ. ಕೊನೆಗೆ ನಿಯಮ ಬಿಡಿಸಿ ಹೇಳಿದರು. ತಪ್ಪು ಅಂಗಡಿಯವನದಾದರೆ ಅವನು ಬರೆದುಕೊಟ್ಟು ರಿಪೇರಿಯ ಖರ್ಚು ಹೊರಬೇಕು, ಆಗ ಕಾರಿನ ಉಳಿದ ವಾರಂಟಿಗೆ ಧಕ್ಕೆ ಇಲ್ಲ. ಮಾಲೀಕರೇ ವೈರಿಗೆ ಕೈ ಹಾಕಿಸಿದ್ದಾದರೆ ಪೂರ್ತಿ ವಾರಂಟಿ ರದ್ದು.

"ನಾನ್ಯಾಕೆ ಕೈ ಹಾಕಿಸಲಿ? ಎಲ್ಲಾ ಅವನದೇ ಕೆಲಸ."

"ಅಂಗಡಿಯವರು ನಿಮಗೆ ಏನಾಗಬೇಕು ಮೇಡಂ?"

"ಪರಿಚಯದವನು" ಎಂದೆ.

ಮಾರ್ಚ್ 7, ಶುಕ್ರವಾರ

ನೇರವಾಗಿ ಅಂಗಡಿಗೆ ಹೋದೆ. ಸೀಟ್ ಕವರು ಎಳೆದು ಕೂರಿಸುತ್ತಿದ್ದ. ಇಬ್ಬರು ಗಿರಾಕಿಗಳಿದ್ದರು. ಇರಲಿ ಎಂದು ಅವರ ಮುಂದೆಯೇ ಕೇಳಿದೆ.

"ಒಂದು ವೈರೂ ಕತ್ತರಿಸಲ್ಲ ಅಂತ ಜಂಬ ಕೊಚ್ಕೊಂಡ್ಯಲ್ಲ, ಇದೇನು?"

"ನಾನು ಕತ್ತರಿಸೋನೇ ಅಲ್ಲ ಅತ್ತೆ" ಎನ್ನುತ್ತ ಕೈ ಒರೆಸಿಕೊಂಡು ನನ್ನ ಫೋನು ತೆಗೆದುಕೊಂಡ. ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದ. ಆಮೇಲೆ ತಲೆ ಎತ್ತಿ ನನ್ನ ಮುಖವನ್ನೇ ನೋಡಿದ. ಕನ್ನಡಕದ ಕಡೆ ನೋಡಿದ ಅನ್ನಿಸಿತು. ಕಾಲು ಮುರಿದದ್ದನ್ನು ಕಂಡು ನಗು ಬಂತೋ ಏನೋ.

"ಗಂಟೆ ಗಿಂಟೆ ಬಗ್ಗೆ ಅವರೇನಾದ್ರೂ ಕೇಳಿದ್ರಾ ಅತ್ತೆ?"

"ಮಾತು ತಿರುಗಿಸಬೇಡ. ಗಂಟೆ ಯಾಕೆ ಬಂತು ಇಲ್ಲಿ?"

"ಕೇಳಿಲ್ಲ ತಾನೆ?"

"ಇಲ್ಲ!"

ಫೋನು ವಾಪಸು ಕೊಟ್ಟ. "ಸರಿ ಬಿಡಿ ಅತ್ತೆ. ನಂದೇ ಇರಬೇಕು. ಅವಸರದಲ್ಲಿ ಕತ್ತರಿಸಿಬಿಟ್ಟಿರ್ತೀನಿ. ಏನು ಬರೆದುಕೊಡಬೇಕೋ ಬರೆದುಕೊಡ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಿರಾಕಿಗಳಲ್ಲಿ ಒಬ್ಬ ತನ್ನ ಕಾರಿನ ಕೀ ಎತ್ತಿಕೊಂಡು ಆಮೇಲೆ ಬರ್ತೀನಿ ಎಂದು ಹೋದ. ಹೋಗಲಿ, ಅವನ ಕಾರಾದರೂ ಉಳಿಯಿತು.

ಗೆದ್ದೆ. ಆದರೆ ಗೆದ್ದ ಮೇಲೆ ಬರುವ ನಿದ್ದೆ ಬರಲಿಲ್ಲ. ಕಾಫಿ ಹೆಚ್ಚಾಯಿತೇನೋ.

ಮಾರ್ಚ್ 12, ಬುಧವಾರ

ಸರ್ವಿಸ್ ಸೆಂಟರಿನಲ್ಲಿ ಬರೆದುಕೊಟ್ಟ. ಮಾಲೀಕರಿಗೆ ತಿಳಿಸದೆ ನಾನೇ ವೈರು ಕತ್ತರಿಸಿ ಜೋಡಿಸಿದ್ದೇನೆ, ತಪ್ಪು ನನ್ನ ಅಂಗಡಿಯದು, ಖರ್ಚು ನನ್ನದು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಕೆಳಗೆ ನಾನು ಸಹಿ ಹಾಕಿದೆ. ಬಿಸಿಲು ಜಾಸ್ತಿ ಇದೆ, ಬಿಡ್ತೀನಿ ಬನ್ನಿ ಅತ್ತೆ ಎಂದ. ಬಸ್ಸಿದೆ ಎಂದೆ.

ಮಾರ್ಚ್ 15, ಶನಿವಾರ

ಮಗಳು ಬಂದಿದ್ದಳು. ಚಪ್ಪಲಿಯನ್ನೂ ಬಿಡಲಿಲ್ಲ.

ಅದೇ ಕಂಪನಿಯ ಶೋರೂಮಿನವರು ತಮ್ಮ ಹೊಸ ಕಾರುಗಳಿಗೆ ಸ್ಕ್ರೀನ್ ಕೂರಿಸುವ ಕೆಲಸಕ್ಕೆ ಅಂಗಡಿಗಳ ಪಟ್ಟಿ ಮಾಡುತ್ತಿದ್ದರಂತೆ. ಇವನು ಮೂರು ವರ್ಷದಿಂದ ಕಾಯುತ್ತಿದ್ದನಂತೆ. ಈ ತಿಂಗಳು ಹೆಸರು ಸೇರುವುದಿತ್ತು. ಇವನು ಬರೆದುಕೊಟ್ಟ ಕಾಗದ ಅವರ ಕೈಗೆ ಹೋಗಿದೆ. ಹೆಸರು ಹೊಡೆದು ಹಾಕಿದ್ದಾರೆ.

"ಅಷ್ಟು ಮುಖ್ಯವಾಗಿದ್ರೆ ವೈರು ಕತ್ತರಿಸಬಾರದಿತ್ತು" ಎಂದೆ.

"ಅವರು ಕತ್ತರಿಸಲ್ಲಮ್ಮ. ಮನೇಲಿ ಪಾರ್ಸೆಲ್ ಬಂದ್ರೆ ಅದರ ದಾರ ಕೂಡ ಕತ್ತರಿಸಲ್ಲ, ಕೂತ್ಕೊಂಡು ಗಂಟು ಬಿಚ್ತಾರೆ. ಯಾಕೆ ಒಪ್ಕೊಂಡ್ರಿ ಅಂದ್ರೆ ಬಾಯೇ ಬಿಡ್ತಿಲ್ಲ. ನೀನೇನು ಅಂದೆ ಅವರಿಗೆ?"

"ಇದ್ದದ್ದು ಅಂದೆ."

"ನಾಲ್ಕು ವರ್ಷ ಆಯ್ತು. ಒಂದು ಸಲ ಬಾಯಿತುಂಬ ಅಳಿಯ ಅಂದಿಲ್ಲ ನೀನು. ಮಗಳ ಗಂಡ, ಮಗಳ ಗಂಡ. ಅಷ್ಟು ಕಷ್ಟನಾ ಅಮ್ಮ?"

ಚಹಾ ಕುಡಿಯದೆ ಹೋದಳು. ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆಯೇ ಇದೆಯಲ್ಲ, ಎರಡೂ ಒಂದೇ ತಾನೆ? ಈ ಉತ್ತರ ಹೊಳೆಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಚಹಾವನ್ನು ಚೆಲ್ಲಿದೆ.

ಮಾರ್ಚ್ 19, ಬುಧವಾರ

ಕಾರು ಬಂತು. ಸಂಜೆ ಬೇಕರಿಯಮ್ಮನನ್ನು ಕೂರಿಸಿಕೊಂಡು ಹೊರಟೆ. ಶಾಲೆಯ ಹತ್ತಿರ ಒಂದು ಸೈಕಲ್ ಅಡ್ಡ ಬಂತು, ಬ್ರೇಕ್ ಒತ್ತಿದೆ. ಕಾರು ನಿಂತಿತು.

"ನಿಲ್ಲಿಸಿದೆ ಟೀಚರ್! ನಾನೇ ನಿಲ್ಲಿಸಿದೆ!" ಎಂದು ಬೇಕರಿಯಮ್ಮ ಕುಣಿಯುವುದೊಂದು ಬಾಕಿ.

ಗಂಟೆ ಟ್ರಿಣ್ ಎಂದಿರಲಿಲ್ಲ.

ಮತ್ತೆ ಒತ್ತಿದೆ. ಸದ್ದಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿಸಿ ಸರ್ವಿಸ್ ಸೆಂಟರಿಗೆ ಫೋನು ಮಾಡಿ ಕೂಗಾಡಿದೆ. ಒಂದು ಸರಿ ಮಾಡಿ ಇನ್ನೊಂದು ಕೆಡಿಸಿದ್ದೀರಾ ಎಂದೆ. ಟೈ ತಣ್ಣಗೆ ಹೇಳಿದ: "ನಾವು ಬೇರೆ ಏನೂ ಮುಟ್ಟಿಲ್ಲ ಮೇಡಂ. ಕತ್ತರಿಸಿದ್ರಲ್ಲ ಕೆಂಪು ವೈರು, ಅದಕ್ಕೆ ಸೇರಿಸಿದ್ದ ತುಂಡನ್ನ ತೆಗೆದು ಹೊಸ ವೈರು ಹಾಕಿದ್ದೀವಿ, ಅಷ್ಟೇ."

ಆ ತುಂಡು ತೆಗೆದದ್ದಕ್ಕೆ ಗಂಟೆ ನಿಂತಿತು. ಅಂದರೆ ಆ ತುಂಡು ಗಂಟೆಯದು.

ಫೋಟೊ ತೆಗೆದು ನೋಡಿದೆ. ಕಣ್ಣು ಮಂಜಾಯಿತು ಎಂದು ಕನ್ನಡಕ ತೆಗೆದು ಒರೆಸುತ್ತಿದ್ದೆ, ಕಾಲಿನ ಗಂಟು ಬೆರಳಿಗೆ ತಾಗಿತು. ನೀಲಿ ದಾರ, ಎರಡು ಸುತ್ತು, ಪಕ್ಕಕ್ಕೆ ಎಳೆದ ಗಂಟು. ಫೋಟೊದಲ್ಲಿಯೂ ನೀಲಿ ದಾರ, ಎರಡು ಸುತ್ತು, ಪಕ್ಕಕ್ಕೆ ಎಳೆದ ಗಂಟು. ಅದೇ ಕನ್ನಡಕ ಹಾಕಿಕೊಂಡು ಆ ಫೋಟೊವನ್ನು ಎಷ್ಟು ಸಲ ನೋಡಿದ್ದೆನೋ!

ಕಾರು ಕೊಂಡ ವಾರ ಮೇಸ್ತ್ರಿಯನ್ನು ಕರೆಸಿ ಗಂಟೆ ಕಟ್ಟಿಸಿದವಳು ನಾನು. "ಹೊಸ ಕಾರು, ವೈರು ಕತ್ತರಿಸಬೇಕಾಗುತ್ತೆ ಕಣಮ್ಮ" ಎಂದು ಅವನು ಹೇಳಿದ್ದೂ ಈಗ ನೆನಪಾಗುತ್ತಿದೆ. ಕತ್ತರಿಸಯ್ಯಾ, ಗಂಟೆ ಇಲ್ಲದೆ ನಾನು ಕಲಿಸೋದು ಹೇಗೆ ಎಂದಿದ್ದೆ.

ಮಗಳ ಗಂಡ ಅವತ್ತು ಅಂಗಡಿಯಲ್ಲಿ ನನ್ನ ಕನ್ನಡಕದ ಕಡೆ ನೋಡಿದ್ದು ನಗುವುದಕ್ಕಲ್ಲ. ಸ್ಕ್ರೀನ್ ಹಾಕಿದ ದಿನ ಅತ್ತೆ ಆ ಗಂಟೆ ಎಂದು ಬಾಯಿ ತೆರೆದದ್ದೂ ದೂರು ಹೇಳುವುದಕ್ಕಲ್ಲ.

"ಟೀಚರ್, ನಾನು ನಿಲ್ಲಿಸಿದ್ದಲ್ವಾ?" ಎಂದು ಬೇಕರಿಯಮ್ಮ ಮೆಲ್ಲಗೆ ಕೇಳಿದಳು. ಅವಳ ಮುಖ ನೋಡಿ, ನೀವೇ ಕಣಮ್ಮಾ ಎಂದೆ. ಮೂವತ್ತು ವರ್ಷದಲ್ಲಿ ಕಲಿಯುವವರಿಗೆ ಹೇಳಿದ ಮೊದಲ ಸುಳ್ಳು.

ಮಾರ್ಚ್ 20, ಗುರುವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ. ಬರೆಯಲು ಇಷ್ಟೇ.

ಮಾರ್ಚ್ 21, ಶುಕ್ರವಾರ

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸರ್ವಿಸ್ ಸೆಂಟರಿನಲ್ಲಿದ್ದೆ.

"ಆ ಕಾಗದ ವಾಪಸು ಕೊಡಿ. ವೈರು ಕತ್ತರಿಸಿದ್ದು ಅಂಗಡಿಯವನಲ್ಲ. ಕತ್ತರಿಸೋಕೆ ಹೇಳಿದ್ದು ನಾನು. ಎರಡು ವರ್ಷದ ಹಿಂದೆ, ಗಂಟೆಗೆ."

ಟೈ ನನ್ನನ್ನೇ ನೋಡಿದ. ಎದ್ದು ಬಾಗಿಲು ಹಾಕಿ ಬಂದ. "ಮೇಡಂ, ಇದನ್ನ ನಾನು ಬರ್ಕೊಂಡ್ರೆ ನಿಮ್ಮ ವಾರಂಟಿ ಪೂರ್ತಿ ರದ್ದಾಗುತ್ತೆ. ನೀವು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ರೀ. ಬರ್ಕೊಳ್ಳಿ."

"ಇಷ್ಟು ವರ್ಷದಲ್ಲಿ ವಾರಂಟಿ ಕೊಡಿ ಅಂತ ಮೇಜು ಗುದ್ದಿದೋರನ್ನ ನೋಡಿದ್ದೀನಿ. ತೆಗೀರಿ ಅಂತ ಗುದ್ದಿದೋರು ನೀವೇ ಮೊದಲು." ಆಗ ಗೊತ್ತಾಯಿತು, ನಾನು ಮೇಜು ಗುದ್ದುತ್ತಿದ್ದೆ.

ನಾನು ಹೇಳಿದೆ, ಅವನು ಬರೆದುಕೊಂಡ, ಸಹಿ ಹಾಕಿದೆ. ಶೋರೂಮಿನ ಪಟ್ಟಿಯ ಬಗ್ಗೆ ಕೇಳಿದೆ. ಅದು ತನ್ನ ಕೈಯಲ್ಲಿಲ್ಲ, ಆದರೆ ಈ ಹೊಸ ಕಾಗದವನ್ನು ತಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ ಎಂದ. ಅಷ್ಟು ಕೆಟ್ಟವನಲ್ಲ ಅವನೂ. ಬಾಗಿಲ ತನಕ ಬಂದು ಕೇಳಿದ:

"ಪರಿಚಯದವರು ಅಂದಿದ್ರಿ. ಇಷ್ಟೆಲ್ಲಾ ಮಾಡ್ತಿದ್ದೀರಲ್ಲ?"

"ಅಳಿಯ ರೀ" ಎಂದೆ. "ನಮ್ಮ ಅಳಿಯ."

ಮಾರ್ಚ್ 22, ಶನಿವಾರ

ಅಂಗಡಿಗೆ ಹೋದೆ. ಇವತ್ತು ಗಿರಾಕಿಗಳಿರಲಿಲ್ಲ. ಇರಬೇಕಿತ್ತು. ಬೈದದ್ದು ನಾಲ್ಕು ಜನರ ಮುಂದೆ, ಇದನ್ನೂ ಅವರ ಮುಂದೆಯೇ ಹೇಳಬೇಕಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಿದ್ದಳು ನನ್ನಮ್ಮ. ನನಗೇ ಹೇಳುತ್ತಿದ್ದಳು.

"ಯಾಕಪ್ಪಾ ಹೇಳಲಿಲ್ಲ?"

"ಗಂಟೇದು ಅಂದಿದ್ರೆ ವಾರಂಟಿ ಪೂರ್ತಿ ಹೋಗ್ತಿತ್ತು ಅತ್ತೆ. ಇರೋದೊಂದೇ ಕಾರು ನಿಮಗೆ. ನಂದು ಅಂಗಡಿ, ಇವತ್ತಲ್ಲ ನಾಳೆ ನಡೆಯುತ್ತೆ."

"ನನಗೊಬ್ಬಳಿಗಾದ್ರೂ ಹೇಳಬಹುದಿತ್ತಲ್ಲ."

ಸ್ಕ್ರೂ ಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತ. "ಹೇಳಿದ್ರೆ ನಂಬ್ತಿದ್ರಾ ಅತ್ತೆ? ಮೇಸ್ತ್ರಿ ಕೈಯೆಂದ್ರೆ ನಿಮಗೆ ದೇವರು."

ತಪ್ಪಾಯ್ತು ಕಣಪ್ಪಾ ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಹೋಗಿದ್ದೆ, ಅಷ್ಟೇ ಬಂತು. ಅಯ್ಯೋ ಬಿಡಿ ಅತ್ತೆ ಎಂದವನು, ನನ್ನ ಕಿವಿಯ ಹತ್ತಿರ ಬಗ್ಗಿ ನೋಡಿ, "ಕನ್ನಡಕ ಕೊಡಿ ಇಲ್ಲಿ, ಕಾಲು ಅಲುಗಾಡ್ತಿದೆ" ಎಂದ. ಒಳಗೆ ಒಂದು ಸಣ್ಣ ಸ್ಕ್ರೂ ಹಾಕಿದ. ನೀಲಿ ದಾರವನ್ನು ಬಿಚ್ಚಲಿಲ್ಲ. ಬಿಚ್ಚಬೇಡ ಎಂದು ನಾನು ಹೇಳಿರಲಿಲ್ಲ.

ಏಪ್ರಿಲ್ 3, ಗುರುವಾರ

ಶೋರೂಮಿನಿಂದ ಇಬ್ಬರು ಅಂಗಡಿಗೆ ಬಂದಿದ್ದರು. ಇವನು ಸ್ಕ್ರೀನ್ ಕೂರಿಸಿದ ಯಾವುದಾದರೊಂದು ಕಾರನ್ನು ಬಿಚ್ಚಿ ನೋಡಬೇಕು ಎಂದರು. ನನ್ನ ಕಾರನ್ನೇ ನಿಲ್ಲಿಸಿದೆ. ಜೊತೆಗೆ ಅಟ್ಟದ ಮೇಲೆ ಹಾಕಿದ್ದ ಆ ರಟ್ಟಿನ ಡಬ್ಬವನ್ನೂ ಇಳಿಸಿ ತಂದಿದ್ದೆ.

ಸ್ಕ್ರೀನ್ ಹೊರಗೆಳೆದು ಟಾರ್ಚ್ ಬಿಟ್ಟು ನೋಡಿದರು. ನಾನೂ ಬಗ್ಗಿ ನೋಡಿದೆ. ಒಳಗೆ ಒಂದೊಂದು ವೈರೂ ಬಟ್ಟೆ ಟೇಪ್ ಸುತ್ತಿಕೊಂಡು, ಕಪ್ಲರಿಗೆ ಕಪ್ಲರ್ ಕಚ್ಚಿಕೊಂಡು ಸಾಲಾಗಿ ಕೂತಿತ್ತು. ಯಾರೂ ನೋಡದ ಜಾಗ ಅದು. ಅಲ್ಲೂ ಅಷ್ಟು ಅಚ್ಚುಕಟ್ಟು. ಎಲ್ಲೂ ಕತ್ತರಿ ಬಿದ್ದಿರಲಿಲ್ಲ. ಡಬ್ಬದಲ್ಲಿ ಹಳೆಯ ಸ್ಕ್ರೂಗಳನ್ನು ತಾರೀಖು ಹಾಕಿ ಅಂಟಿಸಿದ್ದು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಆರು ತಿಂಗಳು ಕೆಲಸ ಕೊಟ್ಟು ನೋಡುತ್ತೇವೆ, ಆಮೇಲೆ ಹೆಸರು ಖಾಯಂ ಎಂದರು. ನಾನು ಎದ್ದು ಹೋಗಿ ಎಲ್ಲರಿಗೂ ಚಹಾ ತಂದೆ.

ಅವರು ಹೋದ ಮೇಲೆ ಅಳಿಯ ಗಂಟೆಯನ್ನು ಮತ್ತೆ ಕೂರಿಸಿದ. ಕತ್ತರಿಸದೆ, ಕಪ್ಲರ್ ಹಾಕಿ. ಒತ್ತಿ ಅತ್ತೆ ಎಂದ, ಒತ್ತಿದೆ, ಟ್ರಿಣ್ ಎಂದಿತು. ಮೊದಲಿಗಿಂತ ದನಿ ಚೆನ್ನಾಗಿದೆ.

ಮಗಳ ಮನೆಗೆ ಅವನೇ ಓಡಿಸಿದ. ದಾರಿಯುದ್ದಕ್ಕೂ ಮಾತು. ಪಟ್ಟಿಯಲ್ಲಿ ಹೆಸರು ಸೇರಿದರೆ ಪಕ್ಕದ ಮಳಿಗೆಯನ್ನೂ ಹಿಡಿಯಬೇಕೆಂದಿದ್ದಾನೆ. ಅದು ಮೂಲೆಯ ಮಳಿಗೆ, ಬೇಡ, ಕಾರು ತಿರುಗಿಸಲು ಜಾಗವಿಲ್ಲ ಎಂದು ನಾನು, ಇದೆ ಎಂದು ಅವನು. ಮಾತಿನ ಭರದಲ್ಲಿ ದೊಡ್ಡ ಸಿಗ್ನಲ್ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಈಗಲೂ ಒಂದೇ ಕೈಯಲ್ಲೇ ತಿರುಗಿಸುತ್ತಾನೆ.

ಮಗಳು ಬಾಗಿಲಲ್ಲಿ ಕಾಯುತ್ತಿದ್ದಳು.

"ಗಂಟೆ ಇನ್ನೂ ಸರಿಯಾಗಿಲ್ವಾ ಅಮ್ಮ? ತಿರುವಿನಿಂದ ಇಲ್ಲೀವರೆಗೂ ಸದ್ದೇ ಕೇಳಿಸಲಿಲ್ಲ."

"ಆಗಿದೆಯಲ್ಲೇ, ಅಂಗಡೀಲೇ ಒತ್ತಿ ನೋಡಿದ್ವಿ" ಎಂದೆ. ಅದರಲ್ಲಿ ನಗುವಂಥದ್ದೇನಿತ್ತೋ, ಗಂಡ ಹೆಂಡತಿ ಇಬ್ಬರೂ ಮುಖ ನೋಡಿಕೊಂಡು ನಕ್ಕರು.